ಮಕ್ಕಳ ಕೈಗೆ ಕೆಲಸ, ಹಿರಿಯರ ಕೈಗೆ ಸಂಯಮ

ಬೇಸಿಗೆ ರಜೆ ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಈ ಮಕ್ಕಳನ್ನು ಶಾಲೆ ತೆರೆಯುವವರೆಗೆ ಏನು ಮಾಡುವುದು? ಪಟ್ಟಣವಾಸಿಗಳು ಶುಲ್ಕ ತೆತ್ತು ಶಿಬಿರಕ್ಕೆ ಸೇರಿಸುತ್ತಾರೆ. ಹಳ್ಳಿಯವರು ಕೈಗೊಂದು ಮೊಬೈಲ್ ಕೊಟ್ಟು ಸುಮ್ಮನಾಗುತ್ತಾರೆ. ಸ್ವಲ್ಪ ಅನುಕೂಲವುಳ್ಳವರು ‘ಕ್ರಾಫ್ಟ್ ಕಿಟ್’ ಎಂಬ ಪೆಟ್ಟಿಗೆಯನ್ನು ತರಿಸಿಕೊಡುತ್ತಾರೆ. ಅದರೊಳಗೆ ಎಲ್ಲವನ್ನೂ ಮೊದಲೇ ಕತ್ತರಿಸಿ, ಅಂಕಿ ಹಾಕಿ ಇಟ್ಟಿರುತ್ತಾರೆ. ಮಗು ಒಂದರ ಮೇಲೆ ಎರಡನ್ನು, ಎರಡರ ಮೇಲೆ ಮೂರನ್ನು ಅಂಟಿಸಿದರೆ ಅರ್ಧ ಗಂಟೆಯಲ್ಲಿ ಮುಚ್ಚಳದ ಮೇಲಿನ ಚಿತ್ರದಂತೆಯೇ ಒಂದು ಗೂಬೆ ಸಿದ್ಧವಾಗುತ್ತದೆ. ಅದೇ ಗೂಬೆ ಬೆಂಗಳೂರಿನಲ್ಲಿಯೂ ಸಿದ್ಧವಾಗಿರುತ್ತದೆ, ದುಬೈಯಲ್ಲಿಯೂ ಸಿದ್ಧವಾಗಿರುತ್ತದೆ. ಮರುದಿನದಿಂದ ಅದು ಟಿ.ವಿ.ಯ ಮೇಲೆ ಧೂಳು ತಿನ್ನುತ್ತಾ ಕೂರುತ್ತದೆ.

ತುಂಗೆಯ ದಂಡೆಯ ಹರಿಹರಪುರದ ಸುತ್ತಮುತ್ತ ವಾಸಿಸುವ ನಾವು ಇಂತಹ ಪೆಟ್ಟಿಗೆಯನ್ನು ಹಣ ಕೊಟ್ಟು ತರಬೇಕೇ? ತೋಟದಲ್ಲಿ ಹಾಳೆ ಉದುರುತ್ತದೆ. ಹಿತ್ತಿಲಿನಲ್ಲಿ ಹಲಸಿನ ಮರವಿದೆ. ಹೊಳೆಯಂಚಿನಲ್ಲಿ ಮಣ್ಣಿದೆ, ಬಿದಿರ ಮೆಳೆಯಿದೆ. ಇಲ್ಲದಿರುವುದು ಸಾಮಗ್ರಿಯಲ್ಲ, ಮಗು ತಾನಾಗಿ ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಲಿ ಎಂದು ಕಾಯುವ ತಾಳ್ಮೆ. ಈ ವಾರ ಅದರ ಬಗ್ಗೆ ಓದುಗರೊಡನೆ ಒಂದಿಷ್ಟು ವಿಚಾರ ಮಾಡಬೇಕೆನಿಸಿದೆ.

ಕಳೆದ ಮಳೆಗಾಲದ ಒಂದು ಶುಕ್ರವಾರ ಸಂಜೆ ತೋಟದ ಲೈನ್‌ಮನೆಯಲ್ಲಿ ವಾಸಿಸುವ ಒಬ್ಬ ತಾಯಿ ಮಗಳೊಡನೆ ಬಂದಳು. ಕೊಡೆ ಮಡಚಿ ಜಗಲಿಯ ಕೆಳಗೇ ನಿಂತು, “ಫಾದರ್, ಮುನ್ನೂರು ರೂಪಾಯಿ ಬೇಕಿತ್ತು” ಎಂದಳು. “ಏನಮ್ಮಾ, ಹುಷಾರಿಲ್ಲವಾ?” ಎಂದು ಕೇಳಿದೆ. “ಹಂಗೇನಿಲ್ಲ ಫಾದರ್. ಇವಳು ಸೋಮವಾರ ಪ್ರಾಜೆಕ್ಟ್ ಕೊಡ್ಬೇಕಂತೆ. ಬಿಳಿ ಶೀಟು, ಬಣ್ಣ, ಮಿಂಚಿನ ಪುಡಿ ಎಲ್ಲ ತರ್ಬೇಕಂತೆ.” ಏನು ಪ್ರಾಜೆಕ್ಟು ಎಂದು ಮಗುವನ್ನು ಕೇಳಿದರೆ, “ನಮ್ಮ ಮನೆ” ಎಂದಿತು.

ಬಿಳಿ ಶೀಟೆಂದರೆ ಥರ್ಮೋಕೋಲ್. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಆದರೂ ಶಾಲೆಯ ಪ್ರಾಜೆಕ್ಟುಗಳಿಗೆ ಅದು ಎಲ್ಲಿಂದಲೋ ಬಂದೇ ಬರುತ್ತದೆ. ಆ ಮಾತು ಹಾಗಿರಲಿ. ಮಣ್ಣಿನ ಗೋಡೆ, ಹಂಚಿನ ಮಾಡಿನ ಮನೆಯಲ್ಲಿ ಹುಟ್ಟಿದ ಮಗು ‘ನಮ್ಮ ಮನೆ’ಯನ್ನು ಕಟ್ಟಲು ಸಾಲ ಮಾಡಿ ಥರ್ಮೋಕೋಲ್ ತರಬೇಕು! ಅದನ್ನು ಕತ್ತರಿಸುವುದೂ ಮಗುವಿನ ಕೈಯಲ್ಲಾಗದು. ಯಾರೋ ಅಣ್ಣನೋ ಮಾವನೋ ರಾತ್ರಿ ಕೂತು ಮಾಡಿಕೊಡಬೇಕು. ಮಕ್ಕಳ ಪ್ರಾಜೆಕ್ಟೆಂಬುದು ಈಚೆಗೆ ಹಿರಿಯರ ಪರೀಕ್ಷೆಯಾಗಿದೆ; ಹಣವುಳ್ಳ ಹಿರಿಯರು ಅದರಲ್ಲಿ ಸುಲಭವಾಗಿ ಉತ್ತೀರ್ಣರಾಗುತ್ತಾರೆ.

ಆ ಶನಿವಾರ ಹುಡುಗಿ ನಮ್ಮ ಅಡುಗೆಮನೆಯ ಹಿಂದೆ ಕುಳಿತು ಮಣ್ಣು ಕಲಸಿದಳು. ಗೋಡೆಗಳನ್ನು ಒಲೆಯ ಪಕ್ಕದಲ್ಲಿಟ್ಟು ಒಣಗಿಸಬೇಕಾಯಿತು. ಮಾಡಿಗೆ ಅಡಿಕೆ ಹಾಳೆ, ಬಟ್ಟೆ ಒಣಹಾಕುವ ದಾರ, ದಾರದ ಮೇಲೆ ಉಗುರಿನಷ್ಟಗಲದ ಒಂದು ಕೆಂಪು ಲಂಗ. ಅಂಗಡಿಯ ಮಾದರಿ ಮನೆಗಳಿಗೆಲ್ಲ ನಾಲ್ಕು ಕಿಟಕಿ, ಒಂದು ಚಿಮಣಿ ಇರುತ್ತವೆ. ಇವಳ ಮನೆಗೆ ಇದ್ದದ್ದು ಒಂದೇ ಕಿಟಕಿ. “ಇನ್ನೊಂದು ಕಿಟಕಿ ಇಡೋದಿಲ್ವೇನಮ್ಮ?” ಎಂದು ಅಡುಗೆಯಾಕೆ ಕೇಳಿದ್ದಕ್ಕೆ, “ನಮ್ಮನೆಗೆ ಇರೋದೇ ಒಂದು” ಎಂದು ತಲೆಯೆತ್ತದೆ ಉತ್ತರಿಸಿದಳು. ಅಂಕ ಎಷ್ಟು ಬಂತೆಂದು ನಾನು ವಿಚಾರಿಸಲಿಲ್ಲ. ತನ್ನ ಮನೆಯನ್ನು ಅವಳು ಆ ದಿನ ನೋಡಿದಷ್ಟು ಗಮನವಿಟ್ಟು ಹಿಂದೆಂದೂ ನೋಡಿರಲಾರಳು.

ಕೈಗೂ ಬುದ್ಧಿಗೂ ಇರುವ ಸಂಬಂಧದ ಚರ್ಚೆ ಹಳೆಯದು. ಮನುಷ್ಯನಿಗೆ ಕೈಗಳಿರುವುದರಿಂದಲೇ ಅವನು ಪ್ರಾಣಿಗಳಲ್ಲೆಲ್ಲ ಅತ್ಯಂತ ಬುದ್ಧಿವಂತನಾದನೆಂದು ಗ್ರೀಕ್ ದಾರ್ಶನಿಕ ಅನಾಕ್ಸಾಗೊರಸ್ ಹೇಳಿದ್ದನಂತೆ. ಅರಿಸ್ಟಾಟಲ್ ಇದನ್ನು ಒಪ್ಪಲಿಲ್ಲ. ಮನುಷ್ಯ ಬುದ್ಧಿವಂತನಾದ್ದರಿಂದಲೇ ಪ್ರಕೃತಿ ಅವನಿಗೆ ಕೈ ಕೊಟ್ಟಿತು, ಕೊಳಲು ನುಡಿಸಬಲ್ಲವನಿಗೆ ತಾನೇ ಕೊಳಲು ಕೊಡಬೇಕಾದದ್ದು ಎಂಬುದು ಅವನ ವಾದ. ಇತರ ಪ್ರಾಣಿಗಳಿಗೆ ಕೊಂಬೋ ಗೊರಸೋ ಒಂದೊಂದೇ ಆಯುಧ. ಪಾದರಕ್ಷೆಯನ್ನು ಮಲಗುವಾಗಲೂ ಕಳಚಲಾರದವರ ಹಾಗೆ ಅವು ಅದನ್ನು ಸದಾ ಹೊತ್ತಿರಬೇಕು. ಮನುಷ್ಯನ ಕೈಯಾದರೋ ಬೇಕೆಂದಾಗ ಕತ್ತಿಯಾಗುತ್ತದೆ, ಬೇಡವೆಂದಾಗ ಬೊಗಸೆಯಾಗುತ್ತದೆ. ಸಂತ ಥಾಮಸ್ ಅಕ್ವಿನಾಸರೂ ಇದೇ ದಾರಿ ಹಿಡಿದು, ಕೊಂಬು ಉಗುರುಗಳಿಗೆ ಬದಲಾಗಿ ಮನುಷ್ಯನಿಗೆ ವಿವೇಕವೂ ಕೈಯೂ ದೊರೆತಿವೆಯೆಂದರು. ಗುರುಮಠದ ತರಗತಿಯಲ್ಲಿ ಈ ವಾದದಲ್ಲಿ ಗೆಲ್ಲುವವನು ಅರಿಸ್ಟಾಟಲನೇ. ಆದರೆ ಮಣ್ಣು ಕಲಸುವ ಮಕ್ಕಳನ್ನು ಅಂಗಳದಲ್ಲಿ ಕಂಡವರಿಗೆ ಅನಾಕ್ಸಾಗೊರಸನ ಪಕ್ಷವೂ ಅಷ್ಟೇನೂ ದುರ್ಬಲವಲ್ಲವೆನಿಸುತ್ತದೆ. ಮಗುವಿನ ಬೆರಳು ಮೊದಲು ತಡಕುತ್ತದೆ. ‘ಓ, ಇದು ಹೀಗೆ’ ಎಂಬ ಅರಿವು ಆಮೇಲೆ ಮೂಡುತ್ತದೆ.

ಶಿಕ್ಷಣತಜ್ಞರಿಗೆ ಇದು ಗೊತ್ತಿರದ ವಿಷಯವಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಎಂದರೆ ‘ಮಕ್ಕಳ ತೋಟ’ ಎಂದು ಹೆಸರಿಟ್ಟನು. ಉಣ್ಣೆಯ ಚೆಂಡು, ಮರದ ತುಂಡು, ಕಾಗದ ಮಡಚುವುದು, ಪಟ್ಟಿ ಹೆಣೆಯುವುದು ಇವೇ ಅಲ್ಲಿಯ ಪಾಠಗಳು. ನಮ್ಮ ಎಲ್.ಕೆ.ಜಿ., ಯು.ಕೆ.ಜಿ.ಗಳಲ್ಲಿರುವ ‘ಕೆ.ಜಿ.’ ಎಂಬ ಎರಡಕ್ಷರ ಆತನದೇ ಕೊಡುಗೆ. ಅಕ್ಷರ ಉಳಿಯಿತು, ತೋಟ ಹೋಯಿತು. ನಮ್ಮ ದೇಶದಲ್ಲಿ 1937ರ ಅಕ್ಟೋಬರ್ ತಿಂಗಳಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಡೆದು, ಡಾ. ಜಾಕಿರ್ ಹುಸೇನರ ಸಮಿತಿಯು ಕೈಕಸುಬನ್ನೇ ನಡುವಿಟ್ಟುಕೊಂಡ ಮೂಲಶಿಕ್ಷಣದ ಯೋಜನೆಯನ್ನು ರೂಪಿಸಿತು. ಕಾಲಕ್ರಮದಲ್ಲಿ ಆ ನಡುವು ಅಂಚಿಗೆ ಸರಿದು, ಕೈಕೆಲಸವು ವೇಳಾಪಟ್ಟಿಯ ಕೊನೆಯ ಪೀರಿಯಡ್ಡಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಕೆಲಸ ಕಲಿಯಬೇಕೆಂಬ ಸಲಹೆಯಿದೆ. ಹತ್ತು ದಿನವಾದರೂ ಸರಿಯೇ.

ಕನ್ನಡದಲ್ಲಿ ಈ ಮಾತನ್ನು ಆಡುವಾಗ ಡಾ. ಶಿವರಾಮ ಕಾರಂತರನ್ನು ಮರೆಯಲಾಗದು. 1936ರಲ್ಲಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಮಕ್ಕಳಿಗಿತ್ತವರು ಅವರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನೂ ನಡೆಸಿದರು. ನಮ್ಮ ಕಾಲದಲ್ಲಿ ಅರವಿಂದ ಗುಪ್ತರಿದ್ದಾರೆ. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಇವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ರೇಖಾಗಣಿತವನ್ನು ಕಲಿಸಬಹುದೆಂದು ತೋರಿಸಿದರು. 2018ರಲ್ಲಿ ಪದ್ಮಶ್ರೀ ಪಡೆದರು. ಮೂರು ಕಡ್ಡಿ ಜೋಡಿಸಿದರೆ ತ್ರಿಕೋನ, ಎಷ್ಟು ಒತ್ತಿದರೂ ಆಕಾರ ಕೆಡದು. ನಾಲ್ಕು ಕಡ್ಡಿಯ ಚೌಕವಾದರೆ ಬೆರಳು ತಗುಲಿದೊಡನೆ ಓರೆಯಾಗುತ್ತದೆ. ವಾಲ್ವ್ ಟ್ಯೂಬು ಇಲ್ಲದಿದ್ದರೂ ಚಿಂತೆಯಿಲ್ಲ. ರಾತ್ರಿ ನೆನೆಸಿದ ಬಟಾಣಿ ಕಾಳಿಗೆ ತೆಂಗಿನ ಗರಿಯ ಕಡ್ಡಿಯನ್ನು ಚುಚ್ಚಿ ಜೋಡಿಸಿದರೆ, ಕಾಳು ಒಣಗುತ್ತಾ ಕುಗ್ಗಿ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಫ್ರೋಬೆಲನ ಶಾಲೆಯಲ್ಲಿಯೇ ಇದ್ದ ಆಟ. ಆಡಿದ ಮಗುವನ್ನು ಕರೆದೊಯ್ದು ನಿಮ್ಮ ಮನೆಯ ಮಾಡನ್ನು ಒಳಗಿನಿಂದ ತೋರಿಸಿ. ಅಷ್ಟೊಂದು ತ್ರಿಕೋನಗಳೇಕೆಂದು ಅದೇ ಹೇಳುತ್ತದೆ.

ಈಗ ನಮ್ಮ ಹಿತ್ತಿಲಿಗೆ ಬರೋಣ. ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಅಡಿಕೆ ಹಾಳೆಯನ್ನು ಕುರಿತು. ಈ ಸೀಮೆಯ ಎಷ್ಟೋ ಮಕ್ಕಳು ಮೊದಲ ಸ್ನಾನ ಮಾಡಿದ್ದೇ ಹಾಳೆಯ ಮೇಲೆ ಮಲಗಿ. ಸ್ವಲ್ಪ ಬೆಳೆದ ಮೇಲೆ ಒಬ್ಬ ಹಾಳೆಯ ಮೇಲೆ ಕೂತು, ಇನ್ನೊಬ್ಬ ಸೋಗೆ ಹಿಡಿದು ಎಳೆಯುವ ಸವಾರಿ. ಈ ಸುಖವನ್ನು ಯಾವ ಕಿಟ್ಟೂ ಕೊಡಲಾರದು. ತೋಟದ ಕೆಲಸದವರು ತಲೆಗಿಡುವ ಹಾಳೆಟೋಪಿಯನ್ನು ನೋಡಿದರೆ ಇದೆಷ್ಟು ಬಾಗುವ ವಸ್ತುವೆಂದು ತಿಳಿಯುತ್ತದೆ. ಒಣ ಹಾಳೆಯನ್ನು ಬಾಗಿಸಹೊರಟರೆ ಸೀಳುತ್ತದೆ. ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ ತೊಗಲಿನಂತೆ ಮೆತ್ತಗಾಗುತ್ತದೆ. ಆಗ ಕತ್ತರಿ ಸುಲಭವಾಗಿ ಆಡುತ್ತದೆ. ಮೂಲೆಗಳನ್ನು ಮಡಚಿ ಬಿದಿರುಕಡ್ಡಿ ಚುಚ್ಚಿದರೆ ದೋಣಿ. ಕಣ್ಣು ಮೂಗು ಕೊರೆದರೆ ಮುಖವಾಡ. ನಡುವೆ ಕಲ್ಲು ಹೇರಿ ನೆರಳಿಗಿಟ್ಟರೆ ತಟ್ಟೆ. ಒಣಗಿದ ಮೇಲೆ ಕೊಟ್ಟ ಆಕಾರವನ್ನು ಬಿಡುವುದಿಲ್ಲ. ಎಳೆಗಳು ಉದ್ದಕ್ಕೆ ಓಡುವುದರಿಂದ ಉದ್ದಕ್ಕೆ ಕತ್ತರಿಸಿದರೆ ಗೆರೆ ನೇರ ಬರುತ್ತದೆ, ಅಡ್ಡಕ್ಕೆ ಕತ್ತರಿಸಿದರೆ ಅಂಚು ಚೂರುಚೂರಾಗುತ್ತದೆ. ಇದನ್ನು ಮಗುವಿಗೆ ಮೊದಲೇ ಹೇಳದಿರುವುದು ಒಳ್ಳೆಯದು. ಎರಡು ಹಾಳೆ ಹಾಳಾದ ಮೇಲೆ ಅದು ತಾನೇ ಕಂಡುಕೊಂಡು, ನಿಮಗೇ ಪಾಠ ಹೇಳಲು ಬರುತ್ತದೆ. ಹಾಳೆಗೇನು ದುಡ್ಡೇ?

ಹಲಸಿನ ಎಲೆಯ ಕೊಟ್ಟೆ ಕಟ್ಟುವುದನ್ನು ಅಜ್ಜಿಯರಿಂದ ಕಲಿಯಬೇಕು. ನಾಲ್ಕು ಎಲೆಗಳನ್ನು ಅಡ್ಡ-ಉದ್ದ ಇಟ್ಟು ನಡುವೆ ಸಣ್ಣ ಕಡ್ಡಿಯಿಂದ ಸೇರಿಸಿ, ಅಕ್ಕಪಕ್ಕದ ಎಲೆಗಳನ್ನು ಮೇಲಕ್ಕೆತ್ತಿ ಒಂದಕ್ಕೊಂದು ಚುಚ್ಚಿದರೆ ಚಪ್ಪಟೆಯಾದದ್ದು ಪಾತ್ರೆಯಾಗುತ್ತದೆ. ಅಜ್ಜಿಗೆ ಇದು ಕಡುಬಿನ ಕೆಲಸ. ಮೊಮ್ಮಗನಿಗೆ ಘನಾಕೃತಿಯ ಪಾಠ. ಕೊಟ್ಟೆ ಸೋರುವುದೋ ಇಲ್ಲವೋ ಎಂಬ ಪರೀಕ್ಷೆಯನ್ನು ಹಿಟ್ಟೇ ಮಾಡುತ್ತದೆ, ಮೇಷ್ಟ್ರು ಬೇಕಾಗಿಲ್ಲ. ತೆಂಗಿನ ಗರಿಯ ಗಿರಿಗಿಟ್ಲೆ, ಪೀಪಿ, ಕೈಗಡಿಯಾರಗಳನ್ನು ವಿವರಿಸುವ ಅಗತ್ಯವಿಲ್ಲ. ಕಲಿಸಬಲ್ಲ ಒಬ್ಬ ಚಿಕ್ಕಪ್ಪನಾದರೂ ಪ್ರತಿ ಮನೆಯಲ್ಲಿ ಇನ್ನೂ ಇದ್ದಾನೆ. ಅವನ ಕೈಯಿಂದ ಫೋನನ್ನು ಒಂದು ಗಂಟೆಯ ಮಟ್ಟಿಗೆ ತೆಗೆದಿಟ್ಟರಾಯಿತು.

ಮಣ್ಣಿನ ಕೆಲಸದಲ್ಲಿ ಮಕ್ಕಳಿಗೆ ಎದುರಾಗುವ ಮೊದಲ ದುಃಖವೆಂದರೆ ಬಿರುಕು. ಬೆಳಿಗ್ಗೆ ಮಾಡಿದ ಆನೆ ಸಂಜೆಗೆ ಸೊಂಡಿಲು ಕಳೆದುಕೊಂಡಿರುತ್ತದೆ. ಕಾರಣ ಸರಳವಾದದ್ದು. ಮಣ್ಣು ಒಣಗುವಾಗ ಕುಗ್ಗುತ್ತದೆ. ಬಿಸಿಲಿಗಿಟ್ಟರೆ ಹೊರಮೈ ಬೇಗ ಕುಗ್ಗಿ, ಒಳಗಿನ ಹಸಿ ಭಾಗ ಅದಕ್ಕೆ ಸರಿಸಾಟಿಯಾಗಿ ಕುಗ್ಗದೆ, ನಡುವೆ ಎಳೆದಾಟ ಹುಟ್ಟಿ ಮೈ ಸೀಳುತ್ತದೆ. ಆದ್ದರಿಂದ ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ಎರಡು ಮೂರು ದಿನ ನಿಧಾನವಾಗಿ ಆರಿಸಬೇಕು. ಆನೆಯ ಹೊಟ್ಟೆ ದಪ್ಪವಿದ್ದರೆ ಕೆಳಗಿನಿಂದ ಕೊರೆದು ಟೊಳ್ಳು ಮಾಡಬೇಕು. ಮಣ್ಣಿಗೆ ಸಣ್ಣಗೆ ಕತ್ತರಿಸಿದ ಬೈಹುಲ್ಲನ್ನೋ ಭತ್ತದ ಹೊಟ್ಟನ್ನೋ ಬೆರೆಸಿದರೆ ಅದು ಒಳಗಿನಿಂದ ಹಿಡಿದುಕೊಳ್ಳುತ್ತದೆ; ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು ತುಳಿಸುತ್ತಿದ್ದುದು ಇದಕ್ಕಾಗಿಯೇ. ಸೊಂಡಿಲನ್ನು ಬರಿದೆ ಅಂಟಿಸಬಾರದು. ಎರಡೂ ಕಡೆ ಗೀರಿ, ನೀರು ನೀರಾದ ಮಣ್ಣನ್ನು ಸವರಿ ಒತ್ತಬೇಕು. ಹಸಿ ಮಣ್ಣಿಗೆ ಒಣ ಮಣ್ಣು ಎಂದೂ ಅಂಟದು.

ಇನ್ನು ಬಣ್ಣ. ಸಾಗರ, ಸೊರಬ ಕಡೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ಕಂಡವರಿಗೆ ಬಣ್ಣದ ಡಬ್ಬಿಯ ಮೇಲಿನ ಮೋಹ ಕಡಿಮೆಯಾಗುತ್ತದೆ. ಆ ಹೆಣ್ಣುಮಕ್ಕಳಿಗೆ ನೆನೆಸಿ ಅರೆದ ಅಕ್ಕಿಯೇ ಬಿಳಿ, ಸುಟ್ಟ ಅಕ್ಕಿಯೇ ಕಪ್ಪು, ಕೆಮ್ಮಣ್ಣೇ ಕೆಂಪು, ಗುರಿಗೆ ಬೀಜವೇ ಹಳದಿ. ಕುಂಚವೆಂದರೆ ಪುಂಡಿ ನಾರು. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಅವರೆಳೆಯುವ ಗೆರೆಗಳ ನೇರವನ್ನು ಕಂಡರೆ ಅಳತೆಪಟ್ಟಿಗೆ ನಾಚಿಕೆಯಾಗಬೇಕು. ನಮ್ಮ ಮಕ್ಕಳು ಆ ಮಟ್ಟಕ್ಕೆ ಏರಬೇಕೆಂದಲ್ಲ; ಬಣ್ಣವೆಂಬುದು ನೆಲದಿಂದ, ಕಾಳಿನಿಂದ ಬರುತ್ತದೆಂದು ತಿಳಿದರೆ ಸಾಕು. ಅರಿಶಿನದ ನೀರಿಗೆ ತಿಳಿ ಸುಣ್ಣದ ನೀರು ಹನಿಸಿದರೆ ಕೆಂಪಾಗುತ್ತದೆ. ಅದರ ಮೇಲೆ ಲಿಂಬೆಯ ರಸ ಬಿದ್ದರೆ ಮರಳಿ ಹಳದಿಯಾಗುತ್ತದೆ. ಕೆಂಪು ದಾಸವಾಳದ ದಳವನ್ನು ಕಾಗದಕ್ಕೆ ಉಜ್ಜಿದರೆ ನೇರಳೆ ಬರುತ್ತದೆ. ಅದರ ಒಂದು ಕಡೆ ಲಿಂಬೆಯ ರಸ, ಇನ್ನೊಂದು ಕಡೆ ಸಾಬೂನಿನ ನೀರು ಮುಟ್ಟಿಸಿ, ಏನಾಗುವುದೆಂದು ಮಕ್ಕಳೇ ನೋಡಲಿ. ಅಡಿಕೆ ಬೇಯಿಸಿದ ಚೊಗರು ನಮ್ಮಲ್ಲಿ ಯಾವ ಮನೆಯಲ್ಲಿಲ್ಲ? ಅದೊಂದು ಅಚ್ಚ ಕೆಂಗಂದು ಬಣ್ಣ. ತುಕ್ಕು ಹಿಡಿದ ಮೊಳೆಗಳನ್ನು ಹುಳಿ ಮಜ್ಜಿಗೆಯಲ್ಲಿ ಕೆಲವು ದಿನ ಬಿಟ್ಟು, ಸೋಸಿದ ನೀರನ್ನು ಚೊಗರಿಗೆ ಬೆರೆಸಿದರೆ ಕಣ್ಣೆದುರಿಗೇ ಕಪ್ಪಿಡುತ್ತದೆ. ಹಿಂದಿನವರ ಮಸಿಯ ತತ್ತ್ವವೂ ಇದೇ, ಒಗರು ಮತ್ತು ಕಬ್ಬಿಣದ ಕೂಟ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಪಾರದರ್ಶಕವಾಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಸಾಕು. ಪುಸ್ತಕ ಬೈಂಡ್ ಮಾಡುವವರು ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತ ಹಾಕುವುದುಂಟು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಈ ಸೀಮೆಯಲ್ಲಿ ಮೈಲುತುತ್ತ ಮನೆಮನೆಯಲ್ಲಿದೆ, ಅದರ ನೀಲಿ ಮಕ್ಕಳ ಕಣ್ಣನ್ನು ಸೆಳೆಯುತ್ತದೆ. ಅದು ವಿಷ. ಬಣ್ಣಕ್ಕೂ ಅಂಟಿಗೂ ಅದು ಬೇಡ. ರಜೆಯ ದಿನಗಳಲ್ಲಿ ಅದನ್ನು ಬೀಗ ಹಾಕಿಡುವುದೇ ಕ್ಷೇಮ. ಸುಣ್ಣವನ್ನೂ ಹಿರಿಯರೇ ಕದಡಿ, ತಿಳಿಯನ್ನು ಮಾತ್ರ ಕೊಡಬೇಕು. ಬಿದಿರು ಸೀಳುವುದೂ ಹಿರಿಯರ ಕೆಲಸ, ಅದರ ಅಂಚು ಕತ್ತಿಗಿಂತ ಹರಿತ. ಇಷ್ಟನ್ನು ಬಿಟ್ಟರೆ ಎಂಟು ವರ್ಷದ ಮಗು ಸೂಜಿ, ಕತ್ತರಿಗಳನ್ನು ಧಾರಾಳವಾಗಿ ಹಿಡಿಯಬಲ್ಲದು. ಬೆರಳಿಗೆ ಸೂಜಿ ಒಮ್ಮೆ ಚುಚ್ಚಿದರೆ ಆಕಾಶ ಕಳಚಿ ಬೀಳದು.

ಬಿದಿರಿನ ಮಾತು ಬಂದುದರಿಂದ ನಕ್ಷತ್ರದ ವಿಷಯಕ್ಕೆ ಬರುತ್ತೇನೆ. ಕ್ರಿಸ್ಮಸ್ ಸಮಯದಲ್ಲಿ ಮನೆಯ ಮುಂದೆ ತೂಗುವ ನಕ್ಷತ್ರವನ್ನು ಈಗ ಎಲ್ಲರೂ ಅಂಗಡಿಯಿಂದ ತರುತ್ತಾರೆ. ಅದನ್ನು ಮನೆಯಲ್ಲಿಯೇ ಕಟ್ಟಬಹುದು, ಡಿಸೆಂಬರಿನವರೆಗೆ ಕಾಯಬೇಕಾಗಿಯೂ ಇಲ್ಲ. ಕೈಕೆಲಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದು ಮತ್ತೊಂದಿಲ್ಲವಾದ್ದರಿಂದ ತುಸು ವಿಸ್ತಾರವಾಗಿ ಹೇಳಿದರೆ ಓದುಗರು ಸಹಿಸಬೇಕು. ಒಂದೇ ಉದ್ದದ ಹತ್ತು ಬಿದಿರುಕಡ್ಡಿಗಳು ಬೇಕು, 50 ಸೆಂ.ಮೀ. ಇರಲಿ. ಪ್ರತಿ ಕಡ್ಡಿಯ ಎರಡೂ ತುದಿಗಳಿಂದ 19 ಸೆಂ.ಮೀ. ಅಳೆದು ಗುರುತು ಮಾಡಬೇಕು. ನಡುವೆ 12 ಸೆಂ.ಮೀ. ಉಳಿಯುತ್ತದೆ. ಐದು ಕಡ್ಡಿಗಳನ್ನು, ಒಂದರ ಗುರುತಿನ ಮೇಲೆ ಇನ್ನೊಂದರ ಗುರುತು ಬರುವಂತೆ ದಾಟಿಸಿ ತುದಿಗಳನ್ನು ಕಟ್ಟಿದರೆ ಐದು ಮೂಲೆಯ ನಕ್ಷತ್ರ ತಾನಾಗಿ ಮೂಡುತ್ತದೆ. ಉಳಿದ ಐದರಿಂದ ಇನ್ನೊಂದು. ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳಲ್ಲಿ ಮಾತ್ರ ದಾರದಿಂದ ಬಿಗಿದು, ಒಳಗಿನ ಐದು ಕೂಡುಸ್ಥಾನಗಳಲ್ಲಿ ಎಂಟು ಸೆಂ.ಮೀ. ಉದ್ದದ ಗಿಡ್ಡ ಕಡ್ಡಿಗಳನ್ನು ಮುಂಗಡೆಗೂ ಹಿಂಗಡೆಗೂ ನಡುವೆ ನಿಲ್ಲಿಸಿ ಕಟ್ಟಿದರೆ ನಕ್ಷತ್ರ ಉಬ್ಬಿ ನಿಲ್ಲುತ್ತದೆ. ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಅಂಟಿಸಿ, ದೀಪ ಇಳಿಸಲು ಒಂದು ಕಡೆ ಬಾಯಿ ಬಿಡಬೇಕು. ದೀಪವೆಂದರೆ ಸಣ್ಣ ಎಲ್.ಇ.ಡಿ. ಬಲ್ಬು, ಮೇಣದ ಬತ್ತಿ ಸಲ್ಲದು.

ಆ 19 ಮತ್ತು 12ರ ಲೆಕ್ಕದಲ್ಲಿ ಒಂದು ಸೊಗಸಿದೆ. 12ಕ್ಕೂ 19ಕ್ಕೂ ಯಾವ ಅನುಪಾತವೋ, 19ಕ್ಕೂ 31ಕ್ಕೂ ಹೆಚ್ಚುಕಡಿಮೆ ಅದೇ. 31ಕ್ಕೂ 50ಕ್ಕೂ ಅದೇ. ಗಣಿತಜ್ಞರು ಇದನ್ನು ಸುವರ್ಣಾನುಪಾತವೆನ್ನುತ್ತಾರೆ. ಪೈಥಾಗೊರಸನ ಅನುಯಾಯಿಗಳು ಈ ಐದು ಮೂಲೆಯ ನಕ್ಷತ್ರವನ್ನು ತಮ್ಮ ಗುರುತಾಗಿ ಬಳಸುತ್ತಿದ್ದರೆಂದು ಪ್ರಾಚೀನರು ಹೇಳಿದ್ದಾರೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಕಡ್ಡಿ ಅಳೆಯುತ್ತಾ ಇದನ್ನು ಹೇಳಿದಾಗ, ಅವನು ನಂಬದೆ ಕ್ಯಾಲ್ಕುಲೇಟರಿನಲ್ಲಿ ಮೂರು ಬಾರಿ ಭಾಗಿಸಿ ನೋಡಿದ. ನನಗೆ ಅವನ ಅಪನಂಬಿಕೆಯೇ ಹಿಡಿಸಿತು.

ನಕ್ಷತ್ರದ ಜೊತೆಗೇ ಬರುವುದು ಗೋದಲಿ. 1223ರ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಹುಲ್ಲು ತುಂಬಿದ ಮೇವಿನ ತೊಟ್ಟಿ, ಎತ್ತು, ಕತ್ತೆಗಳನ್ನಿಟ್ಟು ಆ ಜನನವನ್ನು ಕಣ್ಣಿಗೆ ಕಟ್ಟುವಂತೆ ಮಾಡಿದರು. ಅಲ್ಲಿ ಬೊಂಬೆಗಳಿರಲಿಲ್ಲ, ಇದ್ದುದೆಲ್ಲ ಆ ಊರಿನ ಕೊಟ್ಟಿಗೆಯ ವಸ್ತುಗಳು. ನಮ್ಮ ಮಕ್ಕಳು ಕಟ್ಟುವ ಗೋದಲಿಯೂ ಹಾಗೆಯೇ ಹಾಳೆಯ ಮಾಡು, ಬೈಹುಲ್ಲು, ಕಲ್ಲುಗೋಡೆಯ ಪಾಚಿ, ಜರಿಗಿಡಗಳಿಂದ ಆಗಬೇಕಲ್ಲವೇ? ಮಕ್ಕಳಿಗೆ ಬಿಟ್ಟಾಗ ಆದದ್ದೇ ಬೇರೆ. ಒಬ್ಬಳು ಮಣ್ಣಿನ ಕುರುಬನಿಗೆ ಹಲಸಿನ ಎಲೆಯಿಂದ ಗೊರಬು ಮಾಡಿ ಹೊದಿಸಿದಳು, ಬೆತ್ಲೆಹೇಮಿನಲ್ಲಿಯೂ ಮಳೆ ಬರಬಹುದಲ್ಲ! ಇನ್ನೊಬ್ಬ ಬೆಂಕಿಪೆಟ್ಟಿಗೆಯಿಂದ ಪಿಕಪ್ ಜೀಪು ಮಾಡಿ, ಅದರಲ್ಲಿ ಅಡಿಕೆ ಮೂಟೆ ಹೇರಿ, ಮೂವರು ಜ್ಞಾನಿಗಳ ಹಿಂದೆ ನಿಲ್ಲಿಸಿದ. ಹಿರಿಯರೊಬ್ಬರು ಜೀಪನ್ನು ಮೆಲ್ಲಗೆ ತೆಗೆದು ಕಿಟಕಿಯಲ್ಲಿಟ್ಟರು. ನಾನು ಅದನ್ನು ಮೆಲ್ಲಗೆ ಮತ್ತೆ ಅಲ್ಲಿಯೇ ಇಟ್ಟೆ. ನನ್ನ ಪರವಾಗಿ ದೊಡ್ಡ ಸಾಕ್ಷಿಯೂ ಇತ್ತು. ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಗ್ರೆಚ್ಚೊದಲ್ಲಿಯೇ ಸಹಿ ಮಾಡಿದ ಪತ್ರದಲ್ಲಿ, ಶುಭಸಂದೇಶದಲ್ಲಿ ಇಲ್ಲದ ಬೊಂಬೆಗಳನ್ನು ಗೋದಲಿಗೆ ಸೇರಿಸುವ ಮಕ್ಕಳ ಅಭ್ಯಾಸವನ್ನು ಮೆಚ್ಚಿಕೊಂಡೇ ಬರೆದಿದ್ದಾರೆ.

ಈ ‘ಮೆಲ್ಲಗೆ ತೆಗೆಯುವ’ ಹಿರಿಯರ ಕೈಯೇ ನನ್ನ ಚಿಂತೆಗೆ ಕಾರಣ. ನಾವು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಮಗುವಿನ ಗೆರೆ ಸೊಟ್ಟಗಿದೆಯೆಂದು ಒಂದು ಗೆರೆ ನೇರ ಮಾಡಿಕೊಡುತ್ತೇವೆ, ಆಮೇಲೆ ಇನ್ನೊಂದು, ಕೊನೆಗೆ ಮಗು ಪಕ್ಕದಲ್ಲಿ ನಿಂತು ನೋಡುತ್ತಿರುತ್ತದೆ. ಮರುದಿನ ಆ ವಸ್ತುವಿಗೆ ಬಹುಮಾನ ಬಂದರೆ ಮಗುವಿಗೆ ಅದರಿಂದ ಸಂತೋಷವಾಗುವುದಿಲ್ಲ, ತನ್ನದಲ್ಲವೆಂದು ಅದಕ್ಕೆ ಚೆನ್ನಾಗಿ ಗೊತ್ತು. ತನ್ನ ಕೈಯ ಕೆಲಸ ನಾಲ್ಕು ಜನರೆದುರಿಗೆ ಇಡಲು ತಕ್ಕದ್ದಲ್ಲ ಎಂಬ ಪಾಠವನ್ನು ಅದು ಕಲಿತಿರುತ್ತದೆ. ದೊಡ್ಡವನಾದ ಮೇಲೆ ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎನ್ನುವ ಲಕ್ಷಾಂತರ ಜನರಲ್ಲಿ ತಾನೂ ಒಬ್ಬನಾಗುತ್ತದೆ. ಕಲೆಯಲ್ಲಿ ಸ್ಪರ್ಧೆ, ಪ್ರಥಮ, ದ್ವಿತೀಯಗಳೇ ಬೇಡವೆಂಬುದು ನನ್ನ ಅಭಿಪ್ರಾಯ. ಎಲ್ಲ ಮಕ್ಕಳ ಕೆಲಸವನ್ನು ಒಂದು ಭಾನುವಾರ ಜಗಲಿಯ ಮೇಲೆ ಸಾಲಾಗಿಟ್ಟು, ಪಕ್ಕದಲ್ಲಿ ಮಕ್ಕಳನ್ನೇ ನಿಲ್ಲಿಸಿದರೆ ಸಾಕು. ನೋಡಲು ಬಂದವರು ‘ಚೆನ್ನಾಗಿದೆ’ ಎಂದು ತಲೆ ನೇವರಿಸಿ ಮುಂದೆ ಹೋಗದೆ, ‘ಇದನ್ನು ಹೇಗೆ ಅಂಟಿಸಿದೆ?’ ಎಂದು ಕೇಳಿದರೆ ಇನ್ನೂ ಒಳ್ಳೆಯದು. ಮಗು ಆ ಪ್ರಶ್ನೆಗೆ ಹತ್ತು ನಿಮಿಷ ಉತ್ತರ ಹೇಳುತ್ತದೆ.

ಮಣ್ಣು, ಬಿದಿರು ಗಂಡುಹುಡುಗರಿಗೆ, ಹೊಲಿಗೆ, ರಂಗೋಲಿ ಹೆಣ್ಣುಮಕ್ಕಳಿಗೆ ಎಂಬ ಹಂಚಿಕೆಯನ್ನೂ ಈ ರಜೆಯಲ್ಲಿ ಕೈಬಿಡಬಹುದು. ಗುಂಡಿ ಹೊಲಿಯಲು ಬಾರದ ಗಂಡಸರ ಸಂಖ್ಯೆ ಈಗಾಗಲೇ ಸಾಕಷ್ಟಿದೆ, ನಮ್ಮ ಗುರುವರ್ಗವೂ ಸೇರಿದಂತೆ.

ಕೊನೆಗೆ ಪೋಷಕರಿಗೊಂದು ವಿನಂತಿ. ಮಳೆ ಹಿಡಿದ ಮೇಲೆ ತೋಟದಲ್ಲಿ ಬಿದ್ದ ಹಾಳೆ ಎರಡೇ ದಿನದಲ್ಲಿ ಬೂಸ್ಟು ಹಿಡಿದು ಕಪ್ಪಾಗುತ್ತದೆ. ಆದ್ದರಿಂದ ಜೂನ್ ತಿಂಗಳ ಮೊದಲೇ ಅಗಲವಾದ, ಸೀಳಿಲ್ಲದ ಹಾಳೆಗಳನ್ನು ಮಕ್ಕಳಿಂದಲೇ ಆರಿಸಿ ತರಿಸಿ, ಸೋಗೆ ಕಡಿದು, ಒಂದರ ಮೇಲೊಂದು ಒತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಟ್ಟುಕೊಳ್ಳಿ. ಒಂದು ಮಗುವಿಗೆ ವರ್ಷಕ್ಕೆ ಇಪ್ಪತ್ತು ಹಾಳೆ ಸಾಕಾಗುತ್ತದೆ. ಹೊಳೆಯಂಚಿನ ಮಣ್ಣನ್ನು ತರುವುದಾದರೆ ನೀರು ಏರುವ ಮುನ್ನ ಈಗಲೇ ತಂದು, ಕಲ್ಲು ಬೇರುಗಳನ್ನು ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಬಚ್ಚಲಿನ ಮೂಲೆಯಲ್ಲಿಡಿ. ಹಳತಾದಷ್ಟೂ ಮಣ್ಣು ಹದವಾಗುತ್ತದೆ.